ಟೈಮ್_ಟಿ

ಸಿ ಭಾಷೆಯಲ್ಲಿ ಕಾಲವನ್ನು ಹಿಡಿದಿಡುವ ದತ್ತಾಂಶ ಬಗೆ ಟೈಮ್_ಟಿ. ಕೊನೆಯ ‘ಟಿ’ ಟೈಪ್ ಪದದ ಗುರುತು, ಸೈಜ್_ಟಿಯಲ್ಲಿರುವುದೂ ಅದೇ. ಯುನಿಕ್ಸ್ ಸಂಪ್ರದಾಯದಲ್ಲಿ ಇದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲಿ ಎಣಿಕೆ ಸೆಕೆಂಡಿನ ಅರವತ್ತನೇ ಒಂದು ಭಾಗದ್ದು. ಆ ವೇಗಕ್ಕೆ 32 ಬಿಟ್‌ಗಳು ಎರಡೂಕಾಲು ವರ್ಷದಲ್ಲೇ ತುಂಬಿಹೋಗುತ್ತಿದ್ದವು.

ಹೆಸರು ತನ್ನ ಅಗಲವನ್ನು ಹೇಳುವುದಿಲ್ಲ. ಅದರ ಗುಣವೂ ಅಪಾಯವೂ ಅಲ್ಲೇ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್. ಹಳೆಯ 32 ಬಿಟ್ ಆರ್ಮ್, ಎಕ್ಸ್86 ವ್ಯವಸ್ಥೆಗಳಲ್ಲಿ ಚಿಹ್ನೆಸಹಿತ 32 ಬಿಟ್. ಅಲ್ಲಿ 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 8:44:07 ದಾಟಿದೊಡನೆ ಗಡಿಯಾರ 1901ರ ಡಿಸೆಂಬರ್‌ಗೆ ಜಾರುತ್ತದೆ.

ಓಪನ್‌ಬಿಎಸ್‌ಡಿ 2014ರಲ್ಲಿ, ಹಳೆಯ ಪ್ರೋಗ್ರಾಂಗಳು ಮುರಿದರೂ ಸರಿಯೆಂದು, ಎಲ್ಲ ಯಂತ್ರಗಳಲ್ಲೂ ಇದನ್ನು 64 ಬಿಟ್‌ಗೆ ಏರಿಸಿತು. ನನಗೆ ಆ ದಿಟ್ಟತನ ಮೆಚ್ಚುಗೆ. ಹಳೆಯ ಪ್ರೋಗ್ರಾಂಗಳನ್ನು ಮುರಿಯದಿರುವುದೇ ಲಿನಕ್ಸ್‌ನ ವ್ರತ. ಹಾಗಾಗಿ ಕರ್ನೆಲ್ ಒಳಗೆ ಟೈಮ್64_ಟಿ ತಂದು, ಹಳೆಯ ಸಿಸ್ಟಂ ಕಾಲ್‌ಗಳ ಪಕ್ಕದಲ್ಲೇ ಹೊಸವನ್ನಿಟ್ಟಿತು. 2020ರ 5.6 ಆವೃತ್ತಿಯ ಹೊತ್ತಿಗೆ 32 ಬಿಟ್ ಯಂತ್ರಗಳೂ 2038 ದಾಟಲು ಸಜ್ಜಾದವು.

ಬಳಸುವವರು ಇದನ್ನು ಇಂಟ್‌ಗೆ ತುಂಬಬಾರದು. ಮೇಲಿನ ಬಿಟ್‌ಗಳು ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ಪ್ರಿಂಟ್‌ಎಫ್‌ಗೆ ಕೊಡುವ ಮುನ್ನ ಲಾಂಗ್ ಲಾಂಗ್‌ಗೆ ಬದಲಿಸಿಕೊಳ್ಳಬೇಕು.