ಗಡ್ಡೆಗೆ ರಕ್ತ ಬರುವ ದಾರಿ: ಜುಡಾ ಫೋಕ್‌ಮನ್ ಹಿಡಿದ ಜಾಡು

1971ರ ನವೆಂಬರ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನ ಕ್ಯಾನ್ಸರ್ ವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ರುಚಿಸಲಿಲ್ಲ. ಬರೆದವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ ಜುಡಾ ಫೋಕ್‌ಮನ್. ಅವರಿಗಾಗ 38 ವರ್ಷ. ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬರಮಾಡಿಕೊಳ್ಳಬೇಕು, ಅದಕ್ಕಾಗಿ ಅದು ಯಾವುದೋ ರಾಸಾಯನಿಕವನ್ನು ಸುತ್ತಲಿನ ಅಂಗಾಂಶಕ್ಕೆ ಸ್ರವಿಸುತ್ತದೆ, ಆ ಸಂದೇಶವನ್ನು ತಡೆದರೆ ಗಡ್ಡೆ ಅಲ್ಲೇ ನಿಲ್ಲುತ್ತದೆ ಎಂಬುದು ಅವರ ವಾದ. ಕ್ಯಾನ್ಸರ್ ಕೋಶವನ್ನೇ ಕೊಲ್ಲುವ ವಿಷಗಳನ್ನು ಹುಡುಕುತ್ತಿದ್ದ ಕಾಲದಲ್ಲಿ ಈ ಮನುಷ್ಯ ಕೋಶವನ್ನು ಬಿಟ್ಟು ಅದಕ್ಕೆ ಆಹಾರ ತರುವ ನಾಳದ ಮೇಲೆ ಕಣ್ಣಿಟ್ಟಿದ್ದರು.

ಈ ಯೋಚನೆ ಮೊಳೆತದ್ದು ಹತ್ತು ವರ್ಷ ಮೊದಲು, ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕೆಲಸವೊಂದರ ನಡುವೆ. ಫೋಕ್‌ಮನ್ ಆಗ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ ಅಮೆರಿಕದ ನೌಕಾಪಡೆಯ ಸೇವೆಯಲ್ಲಿದ್ದರು. ತಿಂಗಳುಗಟ್ಟಲೆ ಸಮುದ್ರದ ಮೇಲೇ ಇರುವ ಹಡಗುಗಳಿಗೆ ರಕ್ತದ ಬದಲಿ ದ್ರವ ಬೇಕಿತ್ತು. ಫೋಕ್‌ಮನ್ ಮತ್ತು ಫ್ರೆಡರಿಕ್ ಬೆಕರ್ ಮೊಲದ ಥೈರಾಯ್ಡ್ ಗ್ರಂಥಿಯನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿಟ್ಟು, ಅದರ ನಾಳಗಳ ಮೂಲಕ ಹಿಮೋಗ್ಲೋಬಿನ್ ದ್ರಾವಣ ಹರಿಸಿ ಜೀವಂತವಾಗಿ ಉಳಿಸಿಕೊಂಡರು. ಅಂಗ ನಿಜಕ್ಕೂ ಆರೋಗ್ಯವಾಗಿದೆಯೇ ಎಂದು ನೋಡಲು ಅದರೊಳಗೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಕೋಶಗಳು ಬೆಳೆದವು, ಆದರೆ ಒಂದೆರಡು ಮಿಲಿಮೀಟರಿಗೆ ನಿಂತುಬಿಟ್ಟವು. ಸತ್ತಿರಲಿಲ್ಲ; ಅವನ್ನೇ ತೆಗೆದು ಇಲಿಯೊಳಗೆ ಇಟ್ಟಾಗ ಭರಭರನೆ ಬೆಳೆದವು. ಗಾಜಿನ ಪಾತ್ರೆಯ ಗ್ರಂಥಿಯಲ್ಲಿ ಹೊಸ ನಾಳ ಚಿಗುರಲು ಸಾಧ್ಯವಿರಲಿಲ್ಲ, ಇಲಿಯ ಮೈಯಲ್ಲಿ ಸಾಧ್ಯವಿತ್ತು. ವ್ಯತ್ಯಾಸ ಇಷ್ಟೇ.

ಬಾಸ್ಟನ್ನಿನಲ್ಲಿ ಮೈಕೆಲ್ ಗಿಂಬ್ರೋನ್ ಜೊತೆಗೂಡಿ ಇದನ್ನೇ ಇನ್ನಷ್ಟು ಖಚಿತವಾಗಿ ತೋರಿಸಿದರು. 1972ರಲ್ಲಿ ಪ್ರಕಟವಾದ ಆ ಪ್ರಯೋಗದಷ್ಟು ಸ್ವಚ್ಛವಾದದ್ದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಮೊಲದ ಕಣ್ಣಿನ ಮುಂಭಾಗದಲ್ಲಿ ತಿಳಿನೀರಿನಂಥ ದ್ರವ ತುಂಬಿರುತ್ತದೆ, ಅಲ್ಲಿ ರಕ್ತನಾಳಗಳಿಲ್ಲ. ಗಡ್ಡೆಯ ಚೂರನ್ನು ಆ ದ್ರವದಲ್ಲಿ ತೇಲಬಿಟ್ಟಾಗ ಅದು ಒಂದು ಮಿಲಿಮೀಟರ್ ಕೂಡ ಮುಟ್ಟದೆ, ಸಾಯದೆ, ಹಾಗೇ ಉಳಿಯಿತು. ಅಂಥದ್ದೇ ಚೂರನ್ನು ಐರಿಸ್‌ನ ನಾಳಗಳ ಪಕ್ಕಕ್ಕೆ ಸರಿಸಿದಾಗ ನಾಳಗಳು ಅದರತ್ತ ಚಾಚಿಕೊಂಡವು. ಎರಡು ವಾರದೊಳಗೆ ಚೂರು ಮೂಲ ಗಾತ್ರದ 16,000 ಪಟ್ಟು ಆಯಿತು.

ಆದರೂ ವಿರೋಧ ತಗ್ಗಲಿಲ್ಲ. ಗಡ್ಡೆಯ ಸುತ್ತ ಕಾಣುವ ನಾಳಗಳು ಬರೀ ಉರಿಯೂತದ ಫಲ ಎಂದು ಟೀಕಾಕಾರರು ಹೇಳುತ್ತಿದ್ದರು. ಬಾಯಿ ಮುಚ್ಚಿಸಲು ಆ ರಾಸಾಯನಿಕವನ್ನೇ ಹಿಡಿದು ತೋರಿಸಬೇಕಿತ್ತು, ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1984ರಲ್ಲಿ ಫೋಕ್‌ಮನ್ ತಂಡದ ಯುಯೆನ್ ಶಿಂಗ್ ಮತ್ತು ಮೈಕೆಲ್ ಕ್ಲಾಗ್ಸ್‌ಬ್ರನ್ ಅಂಥದ್ದೊಂದು ಪ್ರೋಟೀನನ್ನು ಗಡ್ಡೆಯಿಂದ ಶುದ್ಧೀಕರಿಸಿದರು. ಆದರೆ ಚಿಕಿತ್ಸೆಗೆ ಮುಖ್ಯವಾದ ಪ್ರೋಟೀನ್ ಸಿಕ್ಕಿದ್ದು ಬೇರೆ ಕಡೆ. ನಾಳಗಳನ್ನು ಸೋರುವಂತೆ ಮಾಡುವ ವಸ್ತುವೊಂದನ್ನು 1983ರಲ್ಲಿ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ವರದಿ ಮಾಡಿದ್ದರು. ಜೆನೆಂಟೆಕ್ ಕಂಪನಿಯ ನೆಪೋಲಿಯೋನ್ ಫೆರಾರಾ 1989ರಲ್ಲಿ ನಾಳ ಬೆಳೆಸುವ ಪ್ರೋಟೀನ್ ಗುರುತಿಸಿ ವಿಇಜಿಎಫ್ ಎಂದು ಕರೆದರು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. ಆಮ್ಲಜನಕ ಕಡಿಮೆಯಾದಾಗ ಕೋಶ ಇದನ್ನು ಏಕೆ ಹೆಚ್ಚು ತಯಾರಿಸುತ್ತದೆ ಎಂಬುದನ್ನು ಬಿಡಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ 2019ರಲ್ಲಿ ನೊಬೆಲ್ ಪಡೆದರು.

ಫೋಕ್‌ಮನ್ ಇನ್ನೊಂದು ಜಾಡಿನಲ್ಲಿದ್ದರು. ದೊಡ್ಡ ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ದೂರದಲ್ಲಿ ಸುಮ್ಮನಿದ್ದ ಪುಟ್ಟ ಗಡ್ಡೆಗಳು ಕೆಲವು ರೋಗಿಗಳಲ್ಲಿ ಥಟ್ಟನೆ ಬೆಳೆಯುವುದನ್ನು ಶಸ್ತ್ರವೈದ್ಯರು ಕಂಡಿದ್ದರು. ಹಾಗಾದರೆ ಮೂಲ ಗಡ್ಡೆಯೇ ಉಳಿದವನ್ನು ಹತ್ತಿಕ್ಕುವ ಏನನ್ನೋ ರಕ್ತಕ್ಕೆ ಬಿಡುತ್ತಿರಬೇಕು. ಅವರ ತಂಡದ ಮೈಕೆಲ್ ಓ'ರೈಲಿ ಗಡ್ಡೆಯಿದ್ದ ಇಲಿಗಳ ಮೂತ್ರವನ್ನು ಲೀಟರ್‌ಗಟ್ಟಲೆ ಕೂಡಿಟ್ಟು, ಸೋಸಿ, 1994ರಲ್ಲಿ ನಾಳ ಬೆಳೆಯದಂತೆ ತಡೆಯುವ ಆಂಜಿಯೋಸ್ಟಾಟಿನ್ ಎಂಬ ಪ್ರೋಟೀನ್ ತೆಗೆದರು. 1997ರಲ್ಲಿ ಎಂಡೋಸ್ಟಾಟಿನ್ ಬಂತು. ಇವನ್ನು ಕೊಟ್ಟಾಗ ಇಲಿಗಳಲ್ಲಿ ಗಡ್ಡೆಗಳು ಕುಗ್ಗಿದವು, ಎಂಡೋಸ್ಟಾಟಿನ್ ಚಿಕಿತ್ಸೆಯನ್ನು ಮತ್ತೆ ಮತ್ತೆ ಕೊಟ್ಟರೂ ಅವು ಔಷಧಕ್ಕೆ ಜಗ್ಗದಂತಾಗಲಿಲ್ಲ.

1998ರ ಮೇ 3, ಭಾನುವಾರ, ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಈ ಸುದ್ದಿ ಬಂದ ಮರುದಿನ, ಔಷಧದ ಹಕ್ಕು ಪಡೆದಿದ್ದ ಎಂಟ್ರಿಮೆಡ್ ಕಂಪನಿಯ ಷೇರು 12 ಡಾಲರ್ ಆಸುಪಾಸಿನಿಂದ 80 ಡಾಲರ್ ದಾಟಿತು. ಇದು ಇಲಿಗಳ ಫಲಿತಾಂಶ ಮಾತ್ರ ಎಂದು ಫೋಕ್‌ಮನ್ ಹೇಳುತ್ತಲೇ ಇದ್ದರು. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಎಂಡೋಸ್ಟಾಟಿನ್ ಆ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಅದರ ಮಾರ್ಪಡಿಸಿದ ರೂಪಕ್ಕೆ ಚೀನಾ ಮಾತ್ರ 2005ರಲ್ಲಿ ಒಪ್ಪಿಗೆ ಕೊಟ್ಟಿತು. 1998ರ ಆ ವಾರ ಆಸೆ ಹೊತ್ತು ಆಸ್ಪತ್ರೆಗಳಿಗೆ ಕರೆಮಾಡಿದ ರೋಗಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗೆದ್ದದ್ದು ವಿಇಜಿಎಫ್ ದಾರಿ. ಫೆರಾರಾ ಅವರ ಕೆಲಸದಿಂದ ಹುಟ್ಟಿದ ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯ ಔಷಧಕ್ಕೆ ಅಮೆರಿಕ 2004ರ ಫೆಬ್ರವರಿಯಲ್ಲಿ ಅನುಮತಿ ಕೊಟ್ಟಿತು. ಹರಡಿದ ದೊಡ್ಡಕರುಳಿನ ಕ್ಯಾನ್ಸರ್ ಇದ್ದ 813 ರೋಗಿಗಳ ಪರೀಕ್ಷೆಯಲ್ಲಿ ಬರೀ ಕಿಮೋ ಪಡೆದವರ ಬದುಕಿನ ಮಧ್ಯಾಂಕ ಅವಧಿ 15.6 ತಿಂಗಳು, ಇದನ್ನೂ ಸೇರಿಸಿ ಪಡೆದವರದ್ದು 20.3 ತಿಂಗಳು. ಮನೆಯವರಿಗೆ ಸುಮಾರು ಐದು ತಿಂಗಳು ದೊಡ್ಡದೇ, ಆದರೆ ಇದು ಇಲಿಯಲ್ಲಿ ಕಂಡ ಗೆಲುವಲ್ಲ. ಸ್ತನ ಕ್ಯಾನ್ಸರಿನಲ್ಲಿ ಆಯುಸ್ಸು ಹೆಚ್ಚಿದ್ದು ಸಾಬೀತಾಗದೆ ಆ ರೋಗಕ್ಕೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2011ರಲ್ಲಿ ಹಿಂಪಡೆಯಿತು.

ಎಡವಿದ್ದೆಲ್ಲಿ? ಒಂದು ಸಂದೇಶವನ್ನು ತಡೆದರೆ ಗಡ್ಡೆ ಇನ್ನೊಂದನ್ನು ಕಳಿಸುತ್ತದೆ. ಇನ್ನೂ ಆಳದ ಉತ್ತರ ಕೊಟ್ಟವರು ಕಾನ್ಪುರದ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಬಾಸ್ಟನ್ನಿನಲ್ಲಿ ನೆಲೆಸಿದ ರಾಕೇಶ್ ಜೈನ್. ಗಡ್ಡೆಯ ನಾಳಗಳು ಅಂಕುಡೊಂಕು, ಎಲ್ಲೆಂದರಲ್ಲಿ ಒಡೆದ ಕಾಲುವೆಯ ಹಾಗೆ ಸೋರುವಂಥವು. ಕಿಮೋ ಔಷಧವೂ ಅವುಗಳ ಮೂಲಕ ಒಳಗೆ ಸರಿಯಾಗಿ ತಲುಪುವುದಿಲ್ಲ. ನಾಳಗಳನ್ನು ಪೂರ್ತಿ ನಾಶಮಾಡುವ ಬದಲು ಮಿತವಾಗಿ ಸರಿಪಡಿಸಿದರೆ ಔಷಧ, ಆಮ್ಲಜನಕ ಗಡ್ಡೆಯೊಳಗೆ ಇಳಿಯುತ್ತವೆ ಎಂದು 2001ರಲ್ಲಿ ಅವರು ವಾದಿಸಿದರು; ಮುಂದೆ ಈ ಪಟ್ಟಿಗೆ ರಕ್ಷಣಾ ಕೋಶಗಳೂ ಸೇರಿದವು. ಫೋಕ್‌ಮನ್ ಮೂಲ ಆಶಯವನ್ನು ಇದು ಅರ್ಧ ತಿರುಗಿಸಿಯೇ ಬಿಟ್ಟಿತು, ಮತ್ತು ನನಗೆ ಇದೇ ಹೆಚ್ಚು ನಂಬಲರ್ಹ ಅನ್ನಿಸುತ್ತದೆ. 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಯಕೃತ್ತಿನ ಕ್ಯಾನ್ಸರಿಗೆ ಬೆವಾಸಿಜುಮ್ಯಾಬನ್ನು ಅಟೆಜೋಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ಜೊತೆ ಕೊಟ್ಟಾಗ ಒಂದು ವರ್ಷದ ಕೊನೆಗೆ ಬದುಕಿದ್ದವರು ಶೇ. 67, ಹಳೆಯ ಮಾತ್ರೆ ಪಡೆದವರಲ್ಲಿ ಶೇ. 55.

ಕಣ್ಣಿನ ವೈದ್ಯರಿಗೆ ಈ ಸಂಶೋಧನೆಯಿಂದ ಇನ್ನೂ ದೊಡ್ಡ ಲಾಭವಾಯಿತು. ವಯಸ್ಸಾದವರ ರೆಟಿನಾ ಅಡಿಯಲ್ಲಿ ಹೊಸ ನಾಳ ಬೆಳೆದು ದೃಷ್ಟಿ ಕಳೆಯುವ ರೋಗಕ್ಕೆ ವಿಇಜಿಎಫ್ ತಡೆಯುವ ಇಂಜೆಕ್ಷನ್ ಇಂದು ಮಾಮೂಲಿ ಚಿಕಿತ್ಸೆ. ಫೋಕ್‌ಮನ್ 2008ರ ಜನವರಿಯಲ್ಲಿ ಡೆನ್ವರ್ ವಿಮಾನ ನಿಲ್ದಾಣದಲ್ಲಿ, ಉಪನ್ಯಾಸಕ್ಕೆ ಹೊರಟಿದ್ದಾಗ, ತೀರಿಕೊಂಡರು.

ಬೆಂಗಳೂರಿನ ಬಯೋಕಾನ್ 2017ರಲ್ಲಿ ಬೆವಾಸಿಜುಮ್ಯಾಬ್‌ನ ಬಯೋಸಿಮಿಲರ್ (ಬಹುತೇಕ ತದ್ರೂಪಿ ಔಷಧ) ಅನ್ನು ಕ್ರಾಬೆವಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹಾಗಾಗಿ ನಮ್ಮ ಮನೆಗಳಲ್ಲೂ ಈ ಡ್ರಿಪ್ ಹಾಕಿಸಿಕೊಂಡವರು ಇರಬಹುದು. ಅವರಿಗೊಂದು ಮಾತು. ಗಾಯ ಮಾಯಲೂ ಹೊಸ ರಕ್ತನಾಳ ಬೇಕು, ಈ ಔಷಧ ಅದನ್ನೂ ತಡೆಯುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ 28 ದಿನ ಮೊದಲು ಇದನ್ನು ನಿಲ್ಲಿಸಬೇಕು ಎಂಬುದು ನಿಯಮ. ಆದ್ದರಿಂದ ಯಾವ ಆಪರೇಷನ್‌ಗೆ ಹೋದರೂ, ಬೇರೆ ಆಸ್ಪತ್ರೆಯಾದರೂ, ಈ ಔಷಧದ ಹೆಸರು ಮತ್ತು ಕೊನೆಯ ಡೋಸ್ ಪಡೆದ ತಾರೀಖನ್ನು ಮೊದಲು ಶಸ್ತ್ರವೈದ್ಯರಿಗೆ ತಿಳಿಸಿ.