ಹಕ್ಕು ತೀರಿದ ಪುಸ್ತಕಕ್ಕೂ ಬೀಗ: ಕಡೂರು ಸೀಮೆಯ ಗ್ರಂಥಗಳು ಮತ್ತು ಡಿಜಿಟಲ್ ಗ್ರಂಥಾಲಯಗಳು

ಕೃತಿಸ್ವಾಮ್ಯದ ಅವಧಿ ಮುಗಿದ ಪುಸ್ತಕ ಸಾರ್ವಜನಿಕರ ಸ್ವತ್ತು. ಅದನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ಮರುಮುದ್ರಿಸಿ ಮಾರಲೂಬಹುದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕ ನಿಧನನಾದ ಮರುವರ್ಷದ ಆರಂಭದಿಂದ 60 ವರ್ಷ ಕಳೆದರೆ ಈ ಹಕ್ಕು ಕೊನೆಗೊಳ್ಳುತ್ತದೆ. ಮೊದಲು 50 ವರ್ಷವಿದ್ದ ಈ ಅವಧಿಯನ್ನು, ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿನಲ್ಲಿ ಕೈಗೊಂಡ 1992ರ ತಿದ್ದುಪಡಿ ಹೆಚ್ಚಿಸಿತು. ಕಾನೂನು ಇಷ್ಟು ಸರಳ. ಆದರೆ ಅಂಥ ಪುಸ್ತಕವನ್ನು ಸ್ಕ್ಯಾನ್ ಮಾಡಿ ಇರಿಸಿರುವ ಸಂಶೋಧನ ಗ್ರಂಥಾಲಯ ಅದನ್ನು ಓದುಗನಿಗೆ ತೆರೆದಿಡುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ.

ಇದಕ್ಕೆ ಕಡೂರಿನ ನಿದರ್ಶನವೇ ಸಾಕು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿತ್ತು. ಬಿ.ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೆಯ ಸಂಪುಟವಾಗಿ 1901ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದರು. ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹವಿಟ್ಟ ಪಾಂಬಬ್ಬೆಯ ಕಡೂರು ಶಾಸನ ಇದರಲ್ಲಿದೆ. ಕವಿ ಜನ್ನ ರಚಿಸಿದ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದ ಅಮೃತಾಪುರ ಶಾಸನವೂ ಇದೆ. ಅಜ್ಜಂಪುರ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲವಾದ್ದರಿಂದ ಆ ಭಾಗದ ಶಾಸನಗಳನ್ನು ತರೀಕೆರೆಯ ಪುಟಗಳಲ್ಲಿ ಹುಡುಕಬೇಕು. ಮಳೆ ಬಿಸಿಲಿಗೆ ಅಕ್ಷರ ಸವೆದ, ಒಡೆದ, ಸ್ಥಳ ಬದಲಿಸಿದ ಕಲ್ಲುಗಳ ಮಟ್ಟಿಗೆ ನೂರು ವರ್ಷಗಳ ಹಿಂದಿನ ಈ ಮುದ್ರಿತ ಪಾಠವೇ ಆಧಾರ. ಊರಿನ ದೇವಾಲಯದ ಕಾಲ ತಿಳಿಯಬಯಸುವ ಶಾಲಾ ಶಿಕ್ಷಕನಿಗೂ ಪ್ರಬಂಧ ಬರೆಯುವ ವಿದ್ಯಾರ್ಥಿಗೂ ಇದು ಬೇಕು.

ರೈಸ್ ನಿಧನರಾದದ್ದು 1927ರಲ್ಲಿ. ಲೇಖಕನ ಆಯುಸ್ಸಿನಿಂದ ಎಣಿಸಿದರೆ, ಆಗಿದ್ದ 50 ವರ್ಷದ ಅವಧಿಯಂತೆ 1977ರ ಕೊನೆಗೆ ಹಕ್ಕು ಮುಗಿಯಿತು. ಸರ್ಕಾರಿ ಪ್ರಕಟಣೆಯೆಂದು ಎಣಿಸಿದರೆ ಇನ್ನೂ ಮೊದಲೇ. ಮೈಸೂರು ವಿಶ್ವವಿದ್ಯಾನಿಲಯ ಮುಂದೆ ಹೊರತಂದ ಪರಿಷ್ಕೃತ ಸಂಪುಟಗಳ ಮಾತು ಬೇರೆ. ಹೊಸ ಸಂಪಾದಕರ ಪೀಠಿಕೆ, ಟಿಪ್ಪಣಿಗಳಿಗೆ ಹೊಸ ಹಕ್ಕುಂಟು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ಕ್ಕೂ ಇದೇ ನ್ಯಾಯ: ಕಾವ್ಯ ಎಲ್ಲರದು, ಇತ್ತೀಚಿನ ವ್ಯಾಖ್ಯಾನ ಅದನ್ನು ಬರೆದವರದು.

ಅಮೆರಿಕದ ವಿಶ್ವವಿದ್ಯಾನಿಲಯ ಗ್ರಂಥಾಲಯಗಳು 2008ರಲ್ಲಿ ಕಟ್ಟಿದ ಹಾಥಿಟ್ರಸ್ಟ್ ಭಂಡಾರದಲ್ಲಿ ‘ಅಮೆರಿಕದಲ್ಲಿ ಮಾತ್ರ ಮುಕ್ತ’ ಎಂಬ ಒಂದು ವರ್ಗವೇ ಇದೆ. ಅಮೆರಿಕದ ಹೊರಗೆ ಅಚ್ಚಾದ ಪುಸ್ತಕಗಳ ವಿಷಯದಲ್ಲಿ ಲೇಖಕರ ಮರಣದ ವರ್ಷವನ್ನು ಒಂದೊಂದಾಗಿ ಪರಿಶೀಲಿಸುವ ಬದಲು, ಬಹು ಹಿಂದಿನ ಒಂದು ಪ್ರಕಟಣಾ ವರ್ಷವನ್ನು ಗಡಿಯಾಗಿ ಇಟ್ಟುಕೊಳ್ಳುವುದು ಅಲ್ಲಿನ ಕ್ರಮ. ಆ ಗಡಿಯ ಈಚೆಗೆ ಬಿದ್ದ ಭಾರತೀಯ ಪುಸ್ತಕ ಷಿಕಾಗೊದಲ್ಲಿ ತೆರೆದುಕೊಂಡು, ಅದು ಹುಟ್ಟಿದ ನಾಡಿನಲ್ಲಿ ಮುಚ್ಚಿಕೊಳ್ಳುವುದುಂಟು. ಮುಕ್ತವಾಗಿರುವ ಪುಸ್ತಕದಲ್ಲೂ ತೊಡಕು ತಪ್ಪಿದ್ದಲ್ಲ. ಗೂಗಲ್ ಸ್ಕ್ಯಾನ್ ಮಾಡಿದ ಪುಸ್ತಕವನ್ನು ಇಡಿಯಾಗಿ ಇಳಿಸಿಕೊಳ್ಳುವ ಸೌಲಭ್ಯ ಸದಸ್ಯ ಸಂಸ್ಥೆಗಳವರಿಗೆ ಮಾತ್ರ; ಉಳಿದವರು ಪುಟ ಪುಟವಾಗಿ ಓದಬೇಕು.

ಇದರ ತಲೆಕೆಳಗಾದ ಸಂದರ್ಭವೂ ಇದೆ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಕಥೆಗಾರ ಅಜ್ಜಂಪುರ ಸೀತಾರಾಂ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ಭಾರತದಲ್ಲಿ 2024ರ ಜನವರಿ 1ರಿಂದ ಮುಕ್ತ. ಅಮೆರಿಕದ ಲೆಕ್ಕ ಪ್ರಕಟಣೆಯಿಂದ 95 ವರ್ಷ. 1940ರಲ್ಲಿ ಅಚ್ಚಾದ ಇಂಥ ಕೃತಿಗೆ ಅಲ್ಲಿ 2035ರ ಕೊನೆಯವರೆಗೆ ರಕ್ಷಣೆ. ಅಲ್ಲಿನ ಭಂಡಾರವೊಂದು ಅದನ್ನು ಮುಚ್ಚಿಟ್ಟರೆ ಅಜ್ಜಂಪುರದ ಓದುಗನಿಗೂ ಅದು ಸಿಗುವುದಿಲ್ಲ.

ಹಾಗಾದರೆ ನಮ್ಮದೇ ಭಂಡಾರ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಲಕ್ಷಾಂತರ ಪುಸ್ತಕಗಳನ್ನು ಜಾಲಕ್ಕೆ ಏರಿಸಿತ್ತು. ಟಿಫ್ ಚಿತ್ರಗಳ ಆ ತಾಣದಲ್ಲಿ ಒಂದು ಅಧ್ಯಾಯ ಓದಲು ಸಾಕಷ್ಟು ತಾಳ್ಮೆ ಬೇಕಿತ್ತು; ಆದರೂ ಕನ್ನಡದ ಹಳೆಯ ಪುಸ್ತಕಗಳು ಮನೆಯಲ್ಲೇ ಸಿಗುತ್ತಿದ್ದವು. ಹಕ್ಕು ಮುಗಿಯದ ಪುಸ್ತಕಗಳೂ ಅದರಲ್ಲಿ ಸೇರಿದ್ದವು. ಕೃತಿಸ್ವಾಮ್ಯ ಉಲ್ಲಂಘನೆಯ ಕಾರಣ ನೀಡಿ ತಾಣವನ್ನು ‘ತಾತ್ಕಾಲಿಕವಾಗಿ’ ಸ್ಥಗಿತಗೊಳಿಸಿದಾಗ ತಪ್ಪಿನ ಪುಸ್ತಕಗಳ ಜೊತೆಗೆ ನಿರ್ದೋಷಿ ಪುಸ್ತಕಗಳೂ ಮರೆಯಾದವು. ಜರಡಿ ಹಿಡಿಯಬೇಕಾದಲ್ಲಿ ಬಾಗಿಲನ್ನೇ ಹಾಕಲಾಯಿತು.

ಅಷ್ಟರಲ್ಲಿ ಅಮೆರಿಕದ ಕಾರ್ಲ್ ಮಲಮುಡ್ ಆ ಪುಸ್ತಕಗಳ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಇರಿಸಿದ್ದರು. ಕಡೂರು ಸಂಪುಟದಂಥ ಗ್ರಂಥಗಳಿಗಾಗಿ ಓದುಗರು ಈಗ ಹೋಗುವುದು ಅಲ್ಲಿಗೇ. ಈ ಆಸರೆಯೂ ಗಟ್ಟಿಯೇನಲ್ಲ. 2017ರ ಆಗಸ್ಟ್‌ನಲ್ಲಿ ಹಿಂದಿ ಚಲನಚಿತ್ರಗಳ ಕಳ್ಳನಕಲು ತಡೆಯಲು ಮದ್ರಾಸ್ ಹೈಕೋರ್ಟ್ ನೀಡಿದ ಆದೇಶದಿಂದ ಇಡೀ ಆರ್ಕೈವ್ ಭಾರತದಲ್ಲಿ ಕೆಲಕಾಲ ಬಂದ್ ಆಗಿತ್ತು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಲುಕಿ ತಾಣ ಹಲವು ದಿನ ಮುಚ್ಚಿತ್ತು.

ಸ್ಕ್ಯಾನ್ ಮಾಡಿದ ಶ್ರಮಕ್ಕೆ ಹೊಸ ಹಕ್ಕು ಹುಟ್ಟುತ್ತದೆಂಬ ಭಾವನೆ ಕೆಲವೆಡೆ ಇದೆ. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು, ಬರಿಯ ಶ್ರಮ ಮತ್ತು ಬಂಡವಾಳ ಸಾಲದು, ಕಿಂಚಿತ್ತಾದರೂ ಸೃಜನಶೀಲತೆ ಇರಬೇಕೆಂದಿತು. ಹಳೆಯ ಪುಟದ ಯಥಾವತ್ ಚಿತ್ರ ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ಶಿಥಿಲವಾದ ಮೂಲಪ್ರತಿಯನ್ನು ಮುಟ್ಟಬೇಡಿರೆಂದು ಗ್ರಂಥಾಲಯ ಹೇಳಿದರೆ ಅದು ನ್ಯಾಯವೇ. ಅದರ ಚಿತ್ರಕ್ಕೂ ಶಿಫಾರಸು ಪತ್ರ ಕೇಳುವುದು, ಕಟ್ಟಡದೊಳಗಿನ ಕಂಪ್ಯೂಟರಿನಲ್ಲಷ್ಟೇ ತೋರಿಸುವುದು ಸಂಸ್ಥೆಯ ಆಡಳಿತ ನಿಯಮವೇ ಹೊರತು ಕೃತಿಸ್ವಾಮ್ಯ ಕಾಯಿದೆಯ ಅಪ್ಪಣೆಯಲ್ಲ.

ಪುಸ್ತಕ ಸಿಗದ ಓದುಗ ಮೊದಲು ನೋಡಬೇಕಾದದ್ದು ಲೇಖಕನ, ಅನುವಾದಕನಿದ್ದರೆ ಅವನ, ಮರಣದ ವರ್ಷ. ಆಮೇಲೆ ತನ್ನ ಕೈಯಲ್ಲಿರುವುದು ಮೂಲ ಮುದ್ರಣವೋ ಪರಿಷ್ಕೃತ ಆವೃತ್ತಿಯೋ ಎಂಬುದು. ಎರಡೂ ಸ್ಪಷ್ಟವಾದರೆ ಗ್ರಂಥಪಾಲರಿಗೆ ಆ ವಿವರಗಳೊಂದಿಗೆ ಲಿಖಿತ ಮನವಿ ಸಲ್ಲಿಸಬಹುದು. ಹಾಥಿಟ್ರಸ್ಟ್‌ನಲ್ಲಿಯೂ ಹಕ್ಕಿನ ಸ್ಥಿತಿಯನ್ನು ಮರುಪರಿಶೀಲಿಸುವಂತೆ ಕೇಳಲು ಅವಕಾಶವಿದೆ.