ದ್ರವವಾದ ಉಪ್ಪು, ಎಂಆರ್‌ಐನ ಅಣ್ಣ

ವೃತ್ತಿಯಲ್ಲಿದ್ದಷ್ಟು ಕಾಲ ನಾನು ಎಂಆರ್‌ಐ ಚಿತ್ರಗಳನ್ನು ನೋಡಿದ್ದೇ ನೋಡಿದ್ದು. ಆ ತಂತ್ರದ ಮೂಲ ಹೆಸರು ಎನ್‌ಎಂಆರ್. ಅದರಲ್ಲಿದ್ದ ‘ನ್ಯೂಕ್ಲಿಯರ್’ ಪದಕ್ಕೆ ರೋಗಿಗಳು ಬೆದರುತ್ತಾರೆಂದು ಆಸ್ಪತ್ರೆಗಳು ಅದನ್ನು ಕೈಬಿಟ್ಟವು. ರಸಾಯನಶಾಸ್ತ್ರಜ್ಞರು ಹಳೆಯ ಹೆಸರನ್ನೇ ಉಳಿಸಿಕೊಂಡರು. ನಿವೃತ್ತಿಯ ನಂತರ ಅವರ ಕಡೆಯ ಚರಿತ್ರೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಯಾನಿಕ ದ್ರವಗಳು.

ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. 1914ರಲ್ಲಿ ಪಾಲ್ ವಾಲ್ಡೆನ್ ವರ್ಣಿಸಿದ ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣಕ್ಕೆ ಸುಮಾರು 12 ಡಿಗ್ರಿ ಸಾಕು. ಒಂದು ಹನಿ ನೀರಿಲ್ಲ, ಬರೀ ಅಯಾನುಗಳು. ಬಹುಕಾಲ ಅದನ್ನು ಹೆಚ್ಚು ಜನ ಕೇಳಲಿಲ್ಲ. 1992ರಲ್ಲಿ ವಿಲ್ಕ್ಸ್ ಮತ್ತು ಜವೊರೊಟ್ಕೊ ಗಾಳಿಗೂ ತೇವಕ್ಕೂ ಕೆಡದ ಅಯಾನಿಕ ದ್ರವಗಳನ್ನು ಪ್ರಕಟಿಸಿದ ಮೇಲೆ ಬ್ಯಾಟರಿ ಸಂಶೋಧಕರ ಕಣ್ಣು ಇತ್ತ ಬಿತ್ತು. ಇವು ಸುಲಭವಾಗಿ ಆವಿಯಾಗುವುದಿಲ್ಲ, ಬೇಗ ಬೆಂಕಿ ಹಿಡಿಯುವುದಿಲ್ಲ.

ಆದರೆ ಈ ದ್ರವದೊಳಗೆ ವಿದ್ಯುತ್ ಹೊರುವವರು ಯಾರು? ಮೀಟರು ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಎನ್‌ಎಂಆರ್ ಇಬ್ಬರನ್ನೂ ಬೇರೆ ಬೇರೆ ವಿಚಾರಿಸುತ್ತದೆ. ಧನ ಅಯಾನಿನಲ್ಲಿ ಹೈಡ್ರೋಜನ್, ಋಣ ಅಯಾನಿನಲ್ಲಿ ಫ್ಲೋರಿನ್. ಒಂದೇ ಅಯಸ್ಕಾಂತದಲ್ಲಿ ಎರಡೂ ಬೇರೆ ಬೇರೆ ಆವರ್ತನದಲ್ಲಿ ದನಿಗೂಡುತ್ತವೆ. 1965ರಲ್ಲಿ ಸ್ಟೆಯ್ಸ್‌ಕಲ್ ಮತ್ತು ಟ್ಯಾನರ್ ಕೊಟ್ಟ ವಿಧಾನದಲ್ಲಿ ಕಾಂತಕ್ಷೇತ್ರದ ಎರಡು ಮಿಡಿತಗಳ ನಡುವೆ ಕಣ ಎಷ್ಟು ಸರಿಯಿತೋ ಅಷ್ಟು ಸಂಕೇತ ಕುಗ್ಗುತ್ತದೆ. 2001ರಲ್ಲಿ ಜಪಾನಿನ ನೋಡಾ, ಹಯಾಮಿಜು, ವತನಾಬೆ ಹೀಗೆ ಅಳೆದಾಗ ದೊಡ್ಡ ಧನ ಅಯಾನು ಚಿಕ್ಕ ಋಣ ಅಯಾನಿಗಿಂತ ವೇಗವಾಗಿ ಚಲಿಸುತ್ತಿತ್ತು! ಇನ್ನೊಂದು ಸೋಜಿಗ: ಆ ಚಲನೆಯಿಂದ ಲೆಕ್ಕ ಹಾಕಿದಷ್ಟು ವಿದ್ಯುತ್ ನಿಜದಲ್ಲಿ ಹರಿಯುತ್ತಿರಲಿಲ್ಲ. ಜೊತೆಜೊತೆಗೆ ಸಾಗುವ ಧನ-ಋಣಗಳು ಎಷ್ಟು ದೂರ ಹೋದರೂ ವಿದ್ಯುತ್ತಿನ ಲೆಕ್ಕಕ್ಕೆ ಸೊನ್ನೆ. ಇದನ್ನು ಶಾಶ್ವತ ‘ಜೋಡಿ’ ಎನ್ನುವುದು ನನಗೆ ಒಪ್ಪಿಗೆಯಲ್ಲ. ದ್ರವದಲ್ಲಿ ನೆರೆಹೊರೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಅದೇ ಎರಡು ಮಿಡಿತಗಳ ಉಪಾಯವೇ ಪಾರ್ಶ್ವವಾಯುವಿನ ರೋಗಿಯ ಮಿದುಳಿನಲ್ಲೂ ಕೆಲಸ ಮಾಡುತ್ತದೆ. ರಕ್ತ ನಿಂತ ಕಡೆ ಜೀವಕೋಶಗಳು ಊದಿ ನೀರಿನ ಚಲನೆ ತಗ್ಗುತ್ತದೆ; ಸಿಟಿ ಇನ್ನೂ ಸಹಜವಾಗಿ ಕಾಣುವಾಗಲೇ ಆ ಭಾಗ ಬೆಳ್ಳಗೆ ಹೊಳೆಯುತ್ತದೆ. ಎಷ್ಟೋ ಸಲ ಚಿಕಿತ್ಸೆಯ ನಿರ್ಧಾರ ಅದರ ಮೇಲೇ ನಿಂತಿರುತ್ತದೆ.

ಚಲನೆಯನ್ನು ಎನ್‌ಎಂಆರ್‌ನಿಂದ ಅಳೆಯುವ ಮಾತು ಬಂದಾಗ ನಮ್ಮವರು ಒಂದು ಹೆಸರು ತಿಳಿದಿರಬೇಕು: ಜಿ. ಸೂರ್ಯನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರು ಹರಿಯುವ ದ್ರವದಲ್ಲಿ ಎನ್‌ಎಂಆರ್ ಸಂಕೇತ ಹೇಗೆ ಬದಲಾಗುತ್ತದೆಂದು 1951ರಲ್ಲೇ ಪ್ರಕಟಿಸಿದ್ದರು. ಅಮೆರಿಕದಲ್ಲಿ ಜೆರೋಮ್ ಸಿಂಗರ್ ಇಲಿಗಳ ರಕ್ತದ ಹರಿವನ್ನು ಈ ತಂತ್ರದಿಂದ ಅಳೆದು ಪ್ರಕಟಿಸಿದ್ದು 1959ರಲ್ಲಿ.